ಐಸ್ ಬಿಡಿಸುವ ಕೆಲಸ ಮತ್ತು ಹೊಸ ಮೈಕ್ರೋವೇವ್ ಓವನ್‌ನ ಆಯ್ಕೆ

ಕೇಳುಗರೆಲ್ಲರಿಗೂ ನಮಸ್ಕಾರ.

ಹಾಸನ, ಚಿಕ್ಕಮಗಳೂರು ಭಾಗದ ಅನೇಕ ಮನೆಗಳಲ್ಲಿ ಮೊದಲು ಕೊಂಡ ಮೈಕ್ರೋವೇವ್ ಓವನ್ ಈಗ ಹಳತಾಗಿದೆ. ಅದರ ಜಾಗಕ್ಕೆ ಎರಡನೆಯದನ್ನು ತರಬೇಕಾದ ಸಮಯ ಬಂದಿದೆ. ಮೊದಲ ಸಲ ಕೊಳ್ಳುವಾಗ ನಾವೆಲ್ಲರೂ ಎಷ್ಟು ಲೀಟರ್, ಕೇಕ್ ಆಗುತ್ತದೆಯೇ, ಗ್ರಿಲ್ ಇದೆಯೇ ಎಂದು ಕೇಳಿ ತಂದವರು. ವರ್ಷಗಟ್ಟಲೆ ಬಳಸಿದ ಮೇಲೆ, ನಮ್ಮ ಅಡುಗೆಮನೆಗಳಲ್ಲಿ ಓವನ್‌ನ ಪಾಲಿಗೆ ಬರುವ ಕೆಲಸ ಮುಖ್ಯವಾಗಿ ಎರಡೇ ಎಂದು ತಿಳಿದಿದೆ: ಆರಿದ್ದನ್ನು ಬಿಸಿ ಮಾಡುವುದು ಮತ್ತು ಫ್ರೀಜರ್‌ನಲ್ಲಿ ಕಲ್ಲಾಗಿ ಕುಳಿತದ್ದರ ಐಸ್ ಬಿಡಿಸುವುದು. ಆರಿದ ಅನ್ನ ಸಾರನ್ನು ಯಾವ ಓವನ್ ಬೇಕಾದರೂ ಬಿಸಿ ಮಾಡಿ ಕೊಡುತ್ತದೆ. ಐಸ್ ಬಿಡಿಸುವುದರಲ್ಲಿ, ಅಂದರೆ ಡಿಫ್ರಾಸ್ಟ್ ಮಾಡುವುದರಲ್ಲಿ, ಒಂದು ಓವನ್‌ಗೂ ಇನ್ನೊಂದಕ್ಕೂ ಬಹಳ ಅಂತರವಿದೆ. ಆದ್ದರಿಂದ ಹೊಸದನ್ನು ಆರಿಸುವಾಗ ಈ ಕೆಲಸವನ್ನೇ ಮುಂದಿಟ್ಟುಕೊಂಡು ಪರೀಕ್ಷಿಸಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮ ಸೀಮೆಯ ಫ್ರೀಜರ್‌ಗಳಿಗೆ ಮಾಡಲು ಕೆಲಸ ಸಾಕಷ್ಟಿದೆ. ಚಾರ್ಮಾಡಿ, ಶಿರಾಡಿ ಘಾಟಿ ಹತ್ತಿ ಬರುವ ಬಂಗುಡೆ ಮತ್ತು ಅಂಜಲ್, ಸಂತೆಯ ದಿನ ತಂದು ಪಾಲು ಮಾಡಿಟ್ಟ ಕೋಳಿ ಅಥವಾ ಹಂದಿ ಮಾಂಸ, ಚಳಿಗಾಲದಲ್ಲಿ ಸೊಗಡಿನ ಅವರೆ ಬಂದಾಗ ಮನೆಯವರೆಲ್ಲ ಕುಳಿತು ಹಿದುಕಿ ಕಟ್ಟಿಟ್ಟ ಬೇಳೆ, ತುರಿದು ಡಬ್ಬಿ ತುಂಬಿದ ತೆಂಗಿನಕಾಯಿ, ಇವೆಲ್ಲ ಅಲ್ಲಿ ಇರುತ್ತವೆ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆಯ ತೋಟದ ಮನೆಗಳಿಂದ ಪೇಟೆಗೆ ಹೋಗಿ ಬರುವುದೆಂದರೆ ಅರ್ಧ ದಿನದ ಮಾತು. ಹೋಮ್‌ಸ್ಟೇ ನಡೆಸುವವರಿಗಂತೂ ಸಂಜೆ ಬರುವ ಅತಿಥಿಗಳ ಸಂಖ್ಯೆ ಮಧ್ಯಾಹ್ನದವರೆಗೂ ಖಚಿತವಿರುವುದಿಲ್ಲ. ಇಂಥವರಿಗೆ ಡಿಫ್ರಾಸ್ಟ್ ಎಂಬುದು ಅಪರೂಪಕ್ಕೆ ಒತ್ತುವ ಗುಂಡಿಯಾಗಿ ಉಳಿದಿಲ್ಲ.

ಈ ಕೆಲಸವನ್ನು ಸರಿಯಾಗಿ ಮಾಡದ ಓವನ್‌ನಿಂದ ಹೊರಬಂದ ಕೋಳಿಯನ್ನು ನೀವು ನೋಡಿರಬಹುದು. ಅಂಚುಗಳು ಬೆಳ್ಳಗಾಗಿ ಬೆಂದಿರುತ್ತವೆ, ರೆಕ್ಕೆಯ ತುದಿ ಒಣಗಿ ಗಟ್ಟಿಯಾಗಿರುತ್ತದೆ, ತಟ್ಟೆಯಲ್ಲಿ ಬಿಸಿ ನೀರು ನಿಂತಿರುತ್ತದೆ. ತುಂಡುಗಳು ಮಾತ್ರ ನಡುವೆ ಇನ್ನೂ ಒಂದಕ್ಕೊಂದು ಅಂಟಿಕೊಂಡು, ಚಾಕುವಿನ ಮೊನೆ ಒಳಗೆ ಇಳಿಯದಷ್ಟು ಗಟ್ಟಿಯಾಗಿರುತ್ತವೆ. ಅಂಥ ಮಾಂಸವನ್ನು ಮಸಾಲೆಗೆ ಹಾಕಿದರೆ ಹೊರಗಿನದು ನಾರಾಗುತ್ತದೆ, ಒಳಗಿನದು ಬೇಯುವುದಿಲ್ಲ.

ಹೀಗಾಗುವುದಕ್ಕೆ ಕಾರಣ ನೀರಿನ ಸ್ವಭಾವದಲ್ಲಿದೆ. ಮನೆಯ ಮೈಕ್ರೋವೇವ್ ಓವನ್‌ಗಳು 2450 ಮೆಗಾಹರ್ಟ್ಸ್ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಅಂದರೆ ಅಲೆಯ ವಿದ್ಯುತ್ ಕ್ಷೇತ್ರ ಸೆಕೆಂಡಿಗೆ 245 ಕೋಟಿ ಸಲ ತನ್ನ ದಿಕ್ಕಿನ ಆವರ್ತವನ್ನು ಪೂರೈಸುತ್ತದೆ. ದ್ರವರೂಪದ ನೀರಿನ ಅಣುಗಳು ಆ ಕ್ಷೇತ್ರದ ಜೊತೆ ತಿರುಗಲು ಹೆಣಗುತ್ತವೆ, ಆ ಹೆಣಗಾಟವೇ ಶಾಖವಾಗುತ್ತದೆ. ಮಂಜುಗಡ್ಡೆಯಲ್ಲಾದರೋ ಅಣುಗಳು ಒಂದನ್ನೊಂದು ಬಿಗಿದುಕೊಂಡು ನಿಂತಿರುವುದರಿಂದ ತಿರುಗಲು ಎಡೆಯೇ ಇಲ್ಲ. ಹೀಗಾಗಿ ಅಲೆಗಳು ಅದನ್ನು ಹೆಚ್ಚೇನೂ ಕಾಯಿಸದೆ ಹಾಯ್ದುಹೋಗುತ್ತವೆ. ಗಡ್ಡೆಯ ಯಾವುದೋ ಒಂದು ಮೂಲೆ ಮೊದಲು ಕರಗಿತೆನ್ನಿ, ಅಲ್ಲಿನ ನೀರು ಸುತ್ತಲಿನ ಮಂಜಿಗಿಂತ ಎಷ್ಟೋ ಪಟ್ಟು ಹೆಚ್ಚು ಶಕ್ತಿಯನ್ನು ಹೀರಿಕೊಳ್ಳಲು ತೊಡಗುತ್ತದೆ. ಹೀರಿದಷ್ಟೂ ಬಿಸಿಯಾಗಿ, ಪಕ್ಕದ ಗಡ್ಡೆ ಕರಗುವ ಮೊದಲೇ ಆ ಮೂಲೆ ಬೇಯಲು ಶುರುವಾಗುತ್ತದೆ.

ಇಲ್ಲೊಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಒಂದು ಗ್ರಾಂ ಮಂಜುಗಡ್ಡೆ ಕರಗಿ ನೀರಾಗಲು 334 ಜೂಲ್ ಶಾಖ ಬೇಕು. ಅರ್ಧ ಕಿಲೋ ಕೋಳಿಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರೇ ಇರುವುದರಿಂದ, ಮೈನಸ್ 18 ಡಿಗ್ರಿಯ ಫ್ರೀಜರ್‌ನಿಂದ ತೆಗೆದ ಅಷ್ಟು ಮಾಂಸದ ಐಸ್ ಪೂರ್ತಿ ಬಿಡಲು ಸುಮಾರು 1,40,000 ಜೂಲ್ ಬೇಕಾಗುತ್ತದೆ. 800 ವ್ಯಾಟ್‌ನ ಓವನ್ ಇಷ್ಟನ್ನು ಮೂರು ನಿಮಿಷದೊಳಗೆ ಒದಗಿಸಿಬಿಡಬಲ್ಲದು. ಆದರೆ ಹೊರಗೆ ಬಿದ್ದ ಶಾಖ ಮಾಂಸದೊಳಗೆ ಹಬ್ಬಿ ನಡುವಿನವರೆಗೆ ತಲುಪಲು ಮೂರು ನಿಮಿಷ ಸಾಲದು. ಅದೇ ಓವನ್ 240 ವ್ಯಾಟ್‌ನಲ್ಲಿ ಸಮನಾಗಿ ನಡೆದರೆ ಹತ್ತು ನಿಮಿಷ ಹಿಡಿಯುತ್ತದೆ, ಆ ಹತ್ತು ನಿಮಿಷದಲ್ಲಿ ಶಾಖ ಅಂಚಿನಿಂದ ಒಳಕ್ಕೆ ಸರಿಯಲು ಅವಕಾಶವಿರುತ್ತದೆ. ಆದ್ದರಿಂದ ಒಂದು ಓವನ್ ಗರಿಷ್ಠ ಎಷ್ಟು ವ್ಯಾಟ್ ಕೊಡುತ್ತದೆ ಎಂಬುದಕ್ಕಿಂತ, ಕಡಿಮೆ ಶಕ್ತಿಯಲ್ಲಿ ಅದು ಹೇಗೆ ನಡೆಯುತ್ತದೆ ಎಂಬುದನ್ನು ನಾವು ಕೇಳಬೇಕು. ಪೆಟ್ಟಿಗೆಯ ಮೇಲೆ ಇದನ್ನು ದೊಡ್ಡ ಅಕ್ಷರದಲ್ಲಿ ಬರೆದಿರುವುದಿಲ್ಲ.

ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ಎಂಬ ಭಾಗ ಅಡುಗೆಮನೆಗೆ ಬಂದದ್ದು ಯುದ್ಧಕಾಲದ ರೇಡಾರ್‌ನಿಂದ. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ಇದರಿಂದ ಆಹಾರ ಬಿಸಿಯಾಗುವುದನ್ನು ಗಮನಿಸಿ, ಅದೇ ವರ್ಷ ಪೇಟೆಂಟ್‌ಗೆ ಅರ್ಜಿ ಹಾಕಿದರು. ಟ್ರಾನ್ಸ್‌ಫಾರ್ಮರ್ ಇರುವ ಸಾಮಾನ್ಯ ಓವನ್‌ನಲ್ಲಿ ಈ ಮ್ಯಾಗ್ನೆಟ್ರಾನ್ ನಡೆದರೆ ಪೂರ್ತಿ ಶಕ್ತಿಯಲ್ಲಿ ನಡೆಯುತ್ತದೆ, ಇಲ್ಲವಾದರೆ ನಿಲ್ಲುತ್ತದೆ. ನೀವು ಶೇಕಡಾ 30 ಎಂದು ಹೊಂದಿಸಿದಾಗ ಅದು 800 ವ್ಯಾಟ್‌ನಲ್ಲೇ ಕೆಲವು ಸೆಕೆಂಡು ಓಡಿ, ಅದರ ದುಪ್ಪಟ್ಟಿಗಿಂತ ಹೆಚ್ಚು ಹೊತ್ತು ಸುಮ್ಮನಿರುತ್ತದೆ. ಸರಾಸರಿ 240 ವ್ಯಾಟ್ ಆಯಿತು, ನಿಜ. ಆದರೆ ಆಗಲೇ ಕರಗಿದ ಅಂಚಿನ ಮೇಲೆ ಪ್ರತಿ ಸಲವೂ ಬೀಳುವುದು ಪೂರ್ತಿ 800 ವ್ಯಾಟ್‌ನ ಹೊಡೆತ. ಇನ್ವರ್ಟರ್ ತಂತ್ರಜ್ಞಾನದ ಓವನ್‌ಗಳಲ್ಲಿ ಆ ಭಾರವಾದ ಟ್ರಾನ್ಸ್‌ಫಾರ್ಮರ್‌ನ ಬದಲು ಒಂದು ಎಲೆಕ್ಟ್ರಾನಿಕ್ ಬೋರ್ಡ್ ಇದ್ದು, ಮ್ಯಾಗ್ನೆಟ್ರಾನ್‌ಗೆ ಹೋಗುವ ಶಕ್ತಿಯನ್ನೇ ತಗ್ಗಿಸಿ, ಕಡಿಮೆ ವ್ಯಾಟ್‌ನಲ್ಲಿ ಬಿಡುವಿಲ್ಲದೆ ನಡೆಸುತ್ತದೆ. ಐಸ್ ಬಿಡಿಸಲು ಹೆಚ್ಚು ಬಳಸುವವರು ಇದಕ್ಕಾಗಿ ಒಂದಿಷ್ಟು ಹೆಚ್ಚು ಹಣ ಕೊಟ್ಟರೆ ಅದು ವ್ಯರ್ಥವಾಗದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಕರೆಂಟ್ ಹೋದಾಗ ಬ್ಯಾಟರಿಯಿಂದ ದೀಪ ಉರಿಸುವ ಮನೆಯ ಇನ್ವರ್ಟರ್‌ಗೂ ಇದಕ್ಕೂ ಸಂಬಂಧವಿಲ್ಲವೆಂಬುದನ್ನು ಮಾತ್ರ ನೆನಪಿಡಬೇಕು. 800 ವ್ಯಾಟ್ ಹೊರಹಾಕುವ ಓವನ್ ಗೋಡೆಯಿಂದ ಎಳೆಯುವುದು ಸುಮಾರು 1200 ವ್ಯಾಟ್. ದೀಪ, ಫ್ಯಾನ್‌ಗಳಿಗೆಂದು ಹಾಕಿಸಿದ ಸಣ್ಣ ಇನ್ವರ್ಟರ್ ಅದನ್ನು ತಾಳುವುದಿಲ್ಲ.

ಅಂಗಡಿಯಲ್ಲಿ ಇದನ್ನು ಕಿವಿಯಿಂದಲೇ ಪರೀಕ್ಷಿಸಬಹುದು. ಹಾಸನದ ಬಿ.ಎಂ. ರಸ್ತೆಯಲ್ಲಾಗಲಿ ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಾಗಲಿ, ಪ್ರದರ್ಶನಕ್ಕಿಟ್ಟ ಓವನ್‌ಗೆ ಒಂದು ಗಾಜಿನ ಬಟ್ಟಲಲ್ಲಿ ನೀರಿಟ್ಟು ಡಿಫ್ರಾಸ್ಟ್‌ನಲ್ಲಿ ಎರಡು ನಿಮಿಷ ನಡೆಸಿ ತೋರಿಸಿ ಎಂದು ಕೇಳಿ. ಫ್ಯಾನ್‌ನ ಸದ್ದಿನ ಜೊತೆಗೆ ಗುಂಯ್ ಎನ್ನುವ ದನಿ ಎದ್ದು, ಟಕ್ ಎಂದು ನಿಂತು, ಮತ್ತೆ ಏಳುತ್ತಿದ್ದರೆ ಅದು ನಿಂತು ನಡೆಯುವ ಓವನ್. ದನಿ ಒಂದೇ ಸಮನೆ ಇದ್ದರೆ ಇನ್ವರ್ಟರ್ ತನ್ನ ಕೆಲಸ ಮಾಡುತ್ತಿದೆ ಎಂದು ತಿಳಿಯಬಹುದು. ಕೆಲವು ಇನ್ವರ್ಟರ್ ಓವನ್‌ಗಳೂ ತೀರಾ ಕೆಳಗಿನ ಮಟ್ಟದಲ್ಲಿ ನಿಂತು ನಡೆಯುತ್ತವೆ. ಆದ್ದರಿಂದ ಹೆಸರಿನ ಚೀಟಿಯನ್ನಷ್ಟೇ ನಂಬದೆ, ಸದ್ದನ್ನು ಕೇಳಿಯೇ ನಿರ್ಧರಿಸುವುದು ಒಳ್ಳೆಯದು.

ಇನ್ವರ್ಟರ್ ಓವನ್‌ಗೆ ಒಂದು ಕೊರತೆಯೂ ಇದೆ, ಅದನ್ನು ಮುಚ್ಚಿಡಬಾರದು. ಆ ಬೋರ್ಡ್ ಸುಟ್ಟರೆ ಬದಲಾಯಿಸುವುದು ದುಬಾರಿ. ಮಲೆನಾಡಿನಲ್ಲಿ ಮಳೆಗಾಲವೆಂದರೆ ಮರ ಬಿದ್ದು ತಂತಿ ಹರಿಯುವುದು, ವೋಲ್ಟೇಜ್ ಏರಿಳಿಯುವುದು, ಸಿಡಿಲು, ಎಲ್ಲವೂ ಇದ್ದದ್ದೇ. ಆದ್ದರಿಂದ ವಾರಂಟಿ ಕಾಗದದಲ್ಲಿ ಮ್ಯಾಗ್ನೆಟ್ರಾನ್‌ಗೆ ಎಷ್ಟು ವರ್ಷ ಎಂದು ನೋಡುವುದರ ಜೊತೆಗೆ ಇನ್ವರ್ಟರ್ ಬೋರ್ಡ್‌ಗೆ ಎಷ್ಟು ಎಂದೂ ಓದಬೇಕು. ಸರ್ವಿಸ್‌ನವರು ನಿಮ್ಮ ಊರಿನವರೆಗೆ ಬರುತ್ತಾರೆಯೇ, ಇಲ್ಲ ಓವನ್ನನ್ನೇ ಜೀಪಿನಲ್ಲಿ ಹೊತ್ತು ಜಿಲ್ಲಾ ಕೇಂದ್ರಕ್ಕೆ ಒಯ್ಯಬೇಕೇ ಎಂದು ಕೊಳ್ಳುವ ಮೊದಲೇ ವಿಚಾರಿಸಬೇಕು. ಸ್ಟೆಬಿಲೈಸರ್ ಹಾಕುವುದಾದರೆ ಓವನ್ ಎಳೆಯುವ ವ್ಯಾಟ್‌ಗೆ ತಕ್ಕದ್ದನ್ನು ಹಾಕಬೇಕು. ಸಿಡಿಲಿನ ದಿನ ಪ್ಲಗ್ ಕಿತ್ತಿಡುವುದಕ್ಕಿಂತ ಒಳ್ಳೆಯ ರಕ್ಷಣೆ ಬೇರೆ ಇಲ್ಲ.

ಇನ್ನು ತೂಕ ನಮೂದಿಸಿ ಒತ್ತುವ ಆಟೋ ಡಿಫ್ರಾಸ್ಟ್. ಇದು ಉಪಯುಕ್ತ, ಆದರೆ ಎಲ್ಲ ಓವನ್‌ಗಳಲ್ಲೂ ಒಂದೇ ರೀತಿ ಇರುವುದಿಲ್ಲ. ಮಾಂಸ, ಕೋಳಿ, ಮೀನುಗಳಿಗೆ ಬೇರೆ ಬೇರೆ ಕ್ರಮವಿದೆಯೇ, ನಡುವೆ ಬೀಪ್ ಕೊಟ್ಟು ತಿರುಗಿಸಿ ಹಾಕಲು ಹೇಳುತ್ತದೆಯೇ, ಕನಿಷ್ಠ ತೂಕ ಎಷ್ಟು ಎಂಬುದನ್ನು ಕೈಪಿಡಿಯಲ್ಲಿ ನೋಡಬೇಕು. ಇಬ್ಬರೇ ಇರುವ ಮನೆಯಲ್ಲಿ ನಾಲ್ಕು ಬಂಗುಡೆಯ ಐಸ್ ಬಿಡಿಸಲು ಹೊರಟಾಗ, ಓವನ್ ಅರ್ಧ ಕಿಲೋಗಿಂತ ಕಡಿಮೆ ತೂಕವನ್ನು ಒಪ್ಪದಿದ್ದರೆ ಆ ಗುಂಡಿಯಿಂದ ಪ್ರಯೋಜನವಿಲ್ಲ. ಪಾತ್ರೆಯ ತೂಕವನ್ನು ಕಳೆದು ಆಹಾರದ ತೂಕವನ್ನಷ್ಟೇ ಕೊಡಬೇಕಾದ್ದರಿಂದ ಮನೆಯಲ್ಲಿ ಒಂದು ಸಣ್ಣ ತಕ್ಕಡಿ ಇರುವುದು ಅಗತ್ಯ. ಶಕ್ತಿ ಮತ್ತು ಸಮಯ ಎರಡನ್ನೂ ನಮ್ಮ ಕೈಯಿಂದಲೇ ಹೊಂದಿಸಲು ಬಾರದ ಓವನ್ನನ್ನು, ಅದರಲ್ಲಿ ನೂರು ಮೆನು ಇದ್ದರೂ, ನಾನು ಆರಿಸುವುದಿಲ್ಲ.

ಕನ್ವೆಕ್ಷನ್, ಗ್ರಿಲ್‌ಗಳಿಂದ ಐಸ್ ಬಿಡಿಸಲು ಏನೂ ಸಹಾಯವಿಲ್ಲ. ಮನೆಯಲ್ಲಿ ಕೇಕ್, ಬ್ರೆಡ್ ಮಾಡುವವರಿದ್ದರೆ ಕೊಳ್ಳಲಿ. ಆದರೆ ಅಂಥ ಓವನ್‌ಗೆ 16 ಆಂಪಿಯರ್‌ನ ಪ್ಲಗ್ ಮತ್ತು ಸರಿಯಾದ ಅರ್ಥಿಂಗ್ ಇರಲೇಬೇಕು.

ಓವನ್‌ನೊಳಗೆ ಅಲೆಗಳು ಎಲ್ಲ ಕಡೆ ಸಮನಾಗಿ ಹರಡುವುದಿಲ್ಲ. ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಗೋಡೆಗಳಿಗೆ ಬಡಿದು ಮರಳುವ ಅಲೆಗಳು ಒಂದರ ಮೇಲೊಂದು ಬಿದ್ದು, ಕೆಲವು ಕಡೆ ಶಾಖ ಹೆಚ್ಚು, ಪಕ್ಕದಲ್ಲೇ ಕಡಿಮೆ ಆಗುತ್ತದೆ. ತಟ್ಟೆ ತಿರುಗುವುದು ಇದಕ್ಕಾಗಿಯೇ. ಹೊಸ ಓವನ್ ಮನೆಗೆ ಬಂದ ಕೂಡಲೇ, ಹಿಂತಿರುಗಿಸುವ ಅವಧಿ ಮುಗಿಯುವ ಮೊದಲು, ಸಣ್ಣ ಸಣ್ಣ ಹಪ್ಪಳಗಳಿಂದ ಇದನ್ನು ಪರೀಕ್ಷಿಸಿಕೊಳ್ಳಬಹುದು. ಎಣ್ಣೆ ಹಚ್ಚದ ಹಪ್ಪಳಗಳನ್ನು ತಟ್ಟೆಯ ತುಂಬ ಒಂದರ ಪಕ್ಕ ಒಂದು ಹರಡಿ, ಪೂರ್ತಿ ಶಕ್ತಿಯಲ್ಲಿ ಹತ್ತು ಹತ್ತು ಸೆಕೆಂಡು ನಡೆಸುತ್ತಾ ಬಾಗಿಲ ಗಾಜಿನಿಂದ ನೋಡಿ. ಮೊದಲು ಒಂದೆರಡು ಕಡೆ ಗುಳ್ಳೆ ಎದ್ದು ಬೆಳ್ಳಗಾಗುತ್ತದೆ, ಆಮೇಲೆ ಅದು ಹಬ್ಬುತ್ತದೆ. ಅರ್ಧಕ್ಕಿಂತ ಹೆಚ್ಚು ಅರಳಿದ ಕೂಡಲೇ ನಿಲ್ಲಿಸಬೇಕು, ಇಲ್ಲವಾದರೆ ಮೊದಲು ಅರಳಿದ್ದು ಕರಕಾಗುತ್ತದೆ. ಹಸಿಯಾಗಿ ಉಳಿದದ್ದು ನಡುವಿನದೋ ಅಂಚಿನದೋ ಎಂಬುದು ಆಗ ಕಣ್ಣೆದುರೇ ಕಾಣುತ್ತದೆ. ಹೆಚ್ಚಿನ ಓವನ್‌ಗಳಲ್ಲಿ ತಟ್ಟೆಯ ನಟ್ಟನಡುವಿಗಿಂತ ಅದರ ಸುತ್ತ ಇಡುವುದೇ ಒಳ್ಳೆಯದೆಂದು ತಿಳಿದುಬರುತ್ತದೆ. ಒಂದು ಭಾಗ ತೀರಾ ಹಸಿಯಾಗಿ, ಇನ್ನೊಂದು ಕಪ್ಪಾಗಿದ್ದರೆ ಆ ಓವನ್ನನ್ನು ಇಟ್ಟುಕೊಳ್ಳಬೇಡಿ.

ಎಷ್ಟೇ ಒಳ್ಳೆಯ ಓವನ್ ತಂದರೂ ಫ್ರೀಜರ್‌ಗೆ ಇಡುವ ಕ್ರಮ ಸರಿಯಿಲ್ಲದಿದ್ದರೆ ಫಲವಿಲ್ಲ. ಕರಗಿದ ಮಾಂಸದಲ್ಲಿ ಈ ಅಲೆಗಳು ಪರಿಣಾಮಕಾರಿಯಾಗಿ ಇಳಿಯುವುದು ಒಂದೆರಡು ಸೆಂಟಿಮೀಟರ್ ಮಾತ್ರ. ಒಂದು ಕಿಲೋ ಕೋಳಿಯನ್ನು ಅಂಗಡಿಯ ಚೀಲದ ಸಮೇತ ಉಂಡೆಯಾಗಿ ತುರುಕಿದರೆ ಅದರ ನಡುವನ್ನು ಯಾವ ಯಂತ್ರವೂ ಸುಲಭವಾಗಿ ಮುಟ್ಟಲಾರದು. ಒಂದು ಹೊತ್ತಿನ ಅಡುಗೆಗೆ ಬೇಕಾದಷ್ಟನ್ನೇ ಎರಡು ಬೆರಳಿನಷ್ಟು ದಪ್ಪಕ್ಕೆ ಚಪ್ಪಟೆಯಾಗಿ ಹರಡಿ ಕಟ್ಟಿಡಬೇಕು. ಓವನ್‌ಗೆ ಇಡುವ ಮೊದಲು ಪ್ಲಾಸ್ಟಿಕ್ ಹೊದಿಕೆಯನ್ನೂ ಥರ್ಮಾಕೋಲ್ ತಟ್ಟೆಯನ್ನೂ ತೆಗೆದು ಗಾಜಿನ ಅಥವಾ ಪಿಂಗಾಣಿಯ ಪಾತ್ರೆಗೆ ಹಾಕಬೇಕು. ಚಿನ್ನದ ಬಣ್ಣದ ಅಂಚಿರುವ ಪಿಂಗಾಣಿ ಬೇಡ. ಅರ್ಧ ಸಮಯಕ್ಕೆ ನಿಲ್ಲಿಸಿ, ಬಿಟ್ಟುಕೊಂಡ ತುಂಡುಗಳನ್ನು ತೆಗೆದಿಟ್ಟು ಉಳಿದವನ್ನು ತಿರುವಿ ಹಾಕಬೇಕು. ನಡುವೆ ಇನ್ನೂ ಸ್ವಲ್ಪ ಐಸ್ ಇರುವಾಗಲೇ ಹೊರತೆಗೆದು ಐದು ಹತ್ತು ನಿಮಿಷ ಬಿಟ್ಟರೆ ಉಳಿದದ್ದು ತಾನಾಗಿಯೇ ಬಿಡುತ್ತದೆ.

ಹಾಗೆ ಐಸ್ ಬಿಟ್ಟ ಮಾಂಸವನ್ನು ಕೂಡಲೇ ಬೇಯಿಸಬೇಕು. ಅದರ ಕೆಲವು ಭಾಗ ಆಗಲೇ ಬೆಚ್ಚಗಾಗಿರುತ್ತದೆ. 5ರಿಂದ 60 ಡಿಗ್ರಿಯವರೆಗಿನ ಉಷ್ಣತೆಯಲ್ಲಿ ರೋಗಾಣುಗಳು ಬೇಗ ಹೆಚ್ಚುತ್ತವೆ. ಸಂಜೆಗೆ ನೋಡೋಣವೆಂದು ಕಟ್ಟೆಯ ಮೇಲೆ ಇಡುವುದಾಗಲಿ, ಹಸಿಯಾಗಿಯೇ ಮತ್ತೆ ಫ್ರೀಜರ್‌ಗೆ ಸೇರಿಸುವುದಾಗಲಿ ಸಲ್ಲದು. ನಾಳೆಯ ಅಡುಗೆ ಇಂದೇ ಗೊತ್ತಿದ್ದರೆ ರಾತ್ರಿಯೇ ಫ್ರೀಜರ್‌ನಿಂದ ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ಇಳಿಸಿದರೆ ಸಾಕು. ಯಾವ ಓವನ್ ಕೂಡ ಅಷ್ಟು ಚೆನ್ನಾಗಿ ಐಸ್ ಬಿಡಿಸಲಾರದು. ಹಿದುಕಿದ ಅವರೆಬೇಳೆಗಂತೂ ಡಿಫ್ರಾಸ್ಟ್ ಬೇಕಿಲ್ಲ, ಅದನ್ನು ಕುದಿಯುವ ಸಾರಿಗೆ ನೇರವಾಗಿ ಹಾಕಬಹುದು.

ಕೊನೆಯದಾಗಿ, ಮೂಲೆ ಸೇರಿದ ಹಳೆಯ ಓವನ್‌ನ ವಿಚಾರ. ಅದರ ಕವಚವನ್ನು ಮನೆಯಲ್ಲಿ ಯಾರೂ ಬಿಚ್ಚಬಾರದು. ಒಳಗಿನ ಭಾಗಗಳು 2000 ವೋಲ್ಟ್‌ಗೂ ಮೀರಿದ ಒತ್ತಡದಲ್ಲಿ ಕೆಲಸ ಮಾಡುವಂಥವು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಪ್ರಾಣಕ್ಕೇ ಅಪಾಯ ತರುವಷ್ಟು ವಿದ್ಯುತ್ ಉಳಿದಿರಬಹುದು. ಹೊಸದಕ್ಕೆ ಹಣ ಕೊಡುವ ಮುಂಚೆಯೇ, ಹಳೆಯದನ್ನು ವಿನಿಮಯಕ್ಕೆ ತೆಗೆದುಕೊಂಡು ಹೋಗುತ್ತೀರಾ ಎಂದು ಅಂಗಡಿಯವರನ್ನು ಕೇಳಿ. ಒಪ್ಪದಿದ್ದರೆ ಗುಜರಿಗೆ ಹಾಕದೆ, ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಒಪ್ಪಿಸಿ. ನಮಸ್ಕಾರ.