ಮಂಡಿನೋವಿನ ಮಾತ್ರೆ ಕಿಡ್ನಿಗೆ ಹೋಗಿ ಏನು ಮಾಡುತ್ತದೆ?

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಕೇಳಿದ್ದರು: "ಅಮ್ಮನಿಗೆ ಶುಗರ್ ಇದೆ, ಕ್ರಿಯಾಟಿನಿನ್ 1.7. ಪ್ಯಾರಾಸಿಟಮಾಲ್ ಆಗಬಹುದು, ಡೈಕ್ಲೋಫೆನಾಕ್ ಮುಟ್ಟಲೇಬೇಡಿ ಅಂತ ಡಾಕ್ಟರು ಹೇಳಿದರು. ಎರಡೂ ನೋವಿನ ಮಾತ್ರೆನೇ ಅಲ್ವಾ?" (ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ. ಕಿಡ್ನಿ ಸೋತರೆ ರಕ್ತದಲ್ಲಿ ಅದು ಏರುತ್ತದೆ.)

ಓದಿದ ಕೂಡಲೇ ಅಪ್ಪ ನೆನಪಾದರು. ಮದುವೆ ಓಡಾಟದಲ್ಲಿ ಅವರ ಮಂಡಿ ಹಿಡಿದುಕೊಂಡಿತ್ತು. ಚೀಟಿ ಇಲ್ಲದೆ ಡೈಕ್ಲೋಫೆನಾಕ್ ತಂದು 5 ದಿನ ನುಂಗಿದರು. ಆರನೇ ದಿನ ಪಾದ ಊದಿತ್ತು. ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದೆ, ಗುಳಿ ಬಿತ್ತು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಇತ್ತು.

ಮೊದಲು ಬೇಗ ಎರಡು ಮಾತು. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸಣ್ಣ ಜರಡಿಗಳಿವೆ. ಎಲ್ಲಾ ಸೇರಿ ದಿನಕ್ಕೆ ಸುಮಾರು 180 ಲೀಟರ್ ನೀರು ಸೋಸುತ್ತವೆ. ಶುಗರ್, ಬಿಪಿಯಿಂದ ಜರಡಿಗಳು ಸಾಯುತ್ತಾ ಹೋದಾಗ ಉಳಿದವು ಜಾಸ್ತಿ ದುಡಿಯುತ್ತವೆ. ಅದಕ್ಕೇ ಹೆಚ್ಚುಕಡಿಮೆ ಅರ್ಧ ಶಕ್ತಿ ಹೋಗುವವರೆಗೂ ಕ್ರಿಯಾಟಿನಿನ್ ನಾರ್ಮಲ್ ಅಂತಲೇ ತೋರಿಸಬಹುದು.

[ದೃಶ್ಯ: ಅಡಿಕೆ ತೋಟ, ಡ್ರಿಪ್ ಪೈಪು]

ಈಗ ತೋಟಕ್ಕೆ ಬನ್ನಿ. ಡ್ರಿಪ್ ಪೈಪಿನ ತಲೆಯಲ್ಲಿ ಗೇಟ್ ವಾಲ್ವ್ ಇದೆ. ಕೊನೆಯನ್ನು ಮಡಚಿ ಕಟ್ಟಿರುತ್ತೇವೆ. ಯಾಕೆ? ಕೊನೆ ಬಿಚ್ಚಿಕೊಂಡರೆ ನೀರೆಲ್ಲಾ ಅಲ್ಲೇ ಹರಿದು ಹೋಗುತ್ತದೆ, ಗಿಡದ ಬುಡಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಹನಿ ಬೀಳಬೇಕಾದರೆ ಪೈಪಿನೊಳಗೆ ಒತ್ತಡ ಇರಬೇಕು.

ಕಿಡ್ನಿಯ ಜರಡಿಯೂ ಹೀಗೇ. ರಕ್ತ ಒಳಗೆ ಬರುವ ನಾಳ ಒಂದು, ಹೊರಗೆ ಹೋಗುವ ನಾಳ ಇನ್ನೊಂದು. ಒಳಬರುವ ವಾಲ್ವನ್ನು ತೆರೆದಿಡುವುದು ಪ್ರೊಸ್ಟಾಗ್ಲಾಂಡಿನ್. ಹೊರಹೋಗುವ ತುದಿಯನ್ನು ಹಿಂಡಿ ಹಿಡಿಯುವುದು ಆಂಜಿಯೋಟೆನ್ಸಿನ್. ಎರಡೂ ನಮ್ಮ ದೇಹವೇ ತಯಾರಿಸುವ ರಾಸಾಯನಿಕಗಳು. ಗಟ್ಟಿಮುಟ್ಟಾದ ಕಿಡ್ನಿಗೆ ಪ್ರೊಸ್ಟಾಗ್ಲಾಂಡಿನ್ ಸಹಾಯ ದಿನಾ ಅಷ್ಟಾಗಿ ಬೇಕಿಲ್ಲ. ಸೋತ ಕಿಡ್ನಿ ಮಾತ್ರ ಅದನ್ನೇ ನೆಚ್ಚಿಕೊಂಡು ಬದುಕಿರುತ್ತದೆ.

ಮಂಡಿಯಲ್ಲಿ ಊತ, ನೋವು ತರುವುದರಲ್ಲೂ ಇದೇ ಪ್ರೊಸ್ಟಾಗ್ಲಾಂಡಿನ್ ಕೈ ಇದೆ! ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಇವೆಲ್ಲ ಅದನ್ನು ತಡೆದೇ ನೋವು ಇಳಿಸುತ್ತವೆ. ಮಾತ್ರೆಗೆ ಮಂಡಿ ಯಾವುದು, ಕಿಡ್ನಿ ಯಾವುದು ಅಂತ ಗೊತ್ತಾಗುವುದಿಲ್ಲ. ಮಂಡಿನೋವು ಇಳಿಯಿತು, ಇತ್ತ ಗೇಟ್ ವಾಲ್ವೂ ಅರ್ಧ ಮುಚ್ಚಿತು. ಪ್ಯಾರಾಸಿಟಮಾಲ್ ಹೆಚ್ಚಾಗಿ ಮೆದುಳು, ನರಗಳಲ್ಲಿ ಕೆಲಸ ಮಾಡುತ್ತದೆ, ಹೇಳಿದ ಪ್ರಮಾಣದಲ್ಲಿ ತಗೊಂಡರೆ ಈ ವಾಲ್ವಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ.

ಅಪ್ಪನ ಮಾತ್ರೆ ಡಬ್ಬಿಯಲ್ಲಿ ಇನ್ನೆರಡಿದ್ದವು. ಬಿಪಿಗೆ ಟೆಲ್ಮಿಸಾರ್ಟನ್. ಅದು ಆ ಮಡಚಿದ ತುದಿಯನ್ನು ಸ್ವಲ್ಪ ಸಡಿಲಿಸುತ್ತದೆ. ಒತ್ತಡ ಹೆಚ್ಚಾಗಿ ಜರಡಿ ಹರಿಯದಿರಲಿ ಅಂತಲೇ ಡಾಕ್ಟರು ಕೊಡುವುದು. ಅದು ಕಿಡ್ನಿ ಕಾಯುವ ಮಾತ್ರೆ, ಸುಮ್ನೆ ನಿಲ್ಲಿಸಬೇಡಿ. ಇನ್ನೊಂದು ಮೂತ್ರ ಹೋಗುವ ಮಾತ್ರೆ, ಅಂದರೆ ಟ್ಯಾಂಕಿನ ನೀರೇ ಕಡಿಮೆ. ಈಗ ಲೆಕ್ಕ ಹಾಕಿ: ಟ್ಯಾಂಕಿನಲ್ಲಿ ನೀರು ಕಡಿಮೆ, ತುದಿ ಸಡಿಲ, ಮೇಲಿಂದ ವಾಲ್ವೂ ಮುಚ್ಚಿತು. ಹನಿ ಎಲ್ಲಿಂದ ಬೀಳಬೇಕು? ಸಾಲದ್ದಕ್ಕೆ ಮದುವೆ ಊಟದ ನಂತರ ಅವರಿಗೆ ಎರಡು ದಿನ ಭೇದಿ ಬೇರೆ ಆಗಿತ್ತು.

ಹೊತ್ತಾಯಿತು, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಸೋಂಕಿಗೆ ಕೊಡುವ ಜೆಂಟಾಮೈಸಿನ್ ಇಂಜೆಕ್ಷನ್ ಕಿಡ್ನಿಗೆ ಪೆಟ್ಟು ಕೊಡಲು ಬೇರೆ ದಾರಿ ಹಿಡಿಯುತ್ತದೆ, ಕಿಡ್ನಿಯ ಕೊಳವೆಯ ಜೀವಕೋಶದೊಳಗೇ ಸೇರಿ ಕೂರುತ್ತದೆ. ಸರಿಯಾದ ಕಿಡ್ನಿ ಇದ್ದರೆ 2-3 ಗಂಟೆಗೆ ರಕ್ತದಲ್ಲಿ ಅರ್ಧಕ್ಕಿಳಿಯುವ ಈ ಔಷಧಿ, ಕಿಡ್ನಿ ಪೂರ್ತಿ ಸೋತಿದ್ದರೆ ದಿನಗಟ್ಟಲೆ ಉಳಿಯಬಹುದು. ಸ್ಕ್ಯಾನಿಂಗಿಗೆ ಡೈ ಹಾಕುವ ಮೊದಲೂ ಕ್ರಿಯಾಟಿನಿನ್ ರಿಪೋರ್ಟ್ ತೋರಿಸಿ. ವಾಂತಿ, ಭೇದಿ ಆದ ದಿನ ಯಾವ ಮಾತ್ರೆ ನಿಲ್ಲಿಸಬೇಕು ಅಂತ ನಿಮ್ಮ ಡಾಕ್ಟರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಅಪ್ಪನ ಪಾದದ ಊತ ಹತ್ತು ದಿನಕ್ಕೆ ಇಳಿಯಿತು. ಕ್ರಿಯಾಟಿನಿನ್ ಮಾತ್ರ ಹಳೆಯ 1.5ಕ್ಕೆ ಮರಳಲಿಲ್ಲ, 1.9ಕ್ಕೆ ನಿಂತಿತು. ಈಗ ಮಂಡಿಗೆ ಬಿಸಿನೀರಿನ ಶಾಖ, ಬೆಳಗ್ಗೆ ವ್ಯಾಯಾಮ.

ನಾಟಿ ಔಷಧಿಯ ಬಗ್ಗೆಯೂ ತುಂಬಾ ಜನ ಕೇಳಿದ್ದೀರಿ. ನಮ್ಮ ಬೇಲಿಯ ಈಶ್ವರಿ ಬಳ್ಳಿಯಲ್ಲಿ ಅರಿಸ್ಟೊಲೋಕಿಕ್ ಆಮ್ಲ ಅನ್ನುವ ವಿಷ ಇದೆ. ಅದೇ ವಿಷ ಇದ್ದ ಗಿಡಮೂಲಿಕೆಯನ್ನು ತೂಕ ಇಳಿಸಲು ತಿಂದು 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಹೆಂಗಸರು ಕಿಡ್ನಿ ಕಳೆದುಕೊಂಡರು. ಆ ಕಥೆ ಮುಂದಿನ ವಿಡಿಯೋದಲ್ಲಿ.