ಮೊದಲು ಎಂಟು ಹಾಳೆ ಮಡಚಿ

ಕೇಳುಗರಿಗೆಲ್ಲ ನಮಸ್ಕಾರ.

ಮಕ್ಕಳಿಗಾಗಿ ಪುಸ್ತಕ ಬರೆಯಬೇಕು, ಅದು ಅಚ್ಚಾಗಿ ಕೈಗೆ ಬರಬೇಕು ಅಂತ ಆಸೆ ಇಟ್ಟುಕೊಂಡವರ ಜೊತೆ ಇವತ್ತು ಮಾತು. ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಆದರೆ ನಿಮ್ಮನ್ನು ಚೆನ್ನಾಗಿ ಬಲ್ಲೆ. ಮಗುವನ್ನು ಮಲಗಿಸುವಾಗ ಒಂದು ಕತೆ ಕಟ್ಟಿ ಹೇಳಿದ್ದೀರಿ. ಮಗು 'ಇನ್ನೊಂದ್ಸಲ' ಅಂದಿದೆ. ಕೇಳಿಸಿಕೊಂಡವರು 'ಇದನ್ನ ಪುಸ್ತಕ ಮಾಡ್ಬಾರ್ದಾ' ಅಂದಿದ್ದಾರೆ. ಇಲ್ಲವೇ ನೀವು ನಿವೃತ್ತ ಮೇಷ್ಟ್ರು, ಹಳೇ ಡೈರಿಯಲ್ಲಿ ಮೂವತ್ತು ಕತೆ ಬರೆದು ಯಾರಿಗೂ ತೋರಿಸದೆ ಇಟ್ಟಿದ್ದೀರಿ. ಇಪ್ಪತ್ತು ವರ್ಷದಿಂದ ನಾನು ಮಕ್ಕಳ ಪುಸ್ತಕ ಬರೆಯುತ್ತಾ, ಬೇರೆಯವರದ್ದನ್ನು ತಿದ್ದುತ್ತಾ ಬಂದಿದ್ದೇನೆ. ಸಿಕ್ಕವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: 'ಯಾವ ಪ್ರಕಾಶಕರಿಗೆ ಕಳಿಸಲಿ?'

ನನ್ನ ಉತ್ತರವೂ ಒಂದೇ. ಸದ್ಯಕ್ಕೆ ಯಾರಿಗೂ ಕಳಿಸಬೇಡಿ. ಎಂಟು ಹಾಳೆ ತಗೊಂಡು ಮಡಚಿ.

ತಮಾಷೆಗೆ ಹೇಳುತ್ತಿಲ್ಲ. ಎಂಟು ಬಿಳಿ ಹಾಳೆ ಒಂದರ ಮೇಲೊಂದು ಇಡಿ, ಸರಿಯಾಗಿ ನಡುವೆ ಮಡಚಿ, ಮಡಿಕೆಯ ಮೇಲೆ ಎರಡು ಪಿನ್ನು ಹೊಡೆಯಿರಿ. ಪಿನ್ನು ಇಲ್ಲದಿದ್ದರೆ ಸೂಜಿ ದಾರ ಸಾಕು. ಹದಿನಾರು ಎಲೆ, 32 ಪುಟದ ಪುಟ್ಟ ಪುಸ್ತಕ ಆಯಿತು. ನಮ್ಮ ಕಸುಬಿನಲ್ಲಿ ಇದಕ್ಕೆ ಡಮ್ಮಿ ಅನ್ನುತ್ತೇವೆ. ಮೂರರಿಂದ ಏಳು ವರ್ಷದ ಮಕ್ಕಳ ಚಿತ್ರಪುಸ್ತಕ ಸಾಮಾನ್ಯವಾಗಿ ಇಷ್ಟೇ ಪುಟದ್ದು. ಇದನ್ನು ಯಾವ ಪಂಡಿತರೂ ಕೂತು ತೀರ್ಮಾನ ಮಾಡಿದ್ದಲ್ಲ, ಅಚ್ಚಿನ ಯಂತ್ರ ಮಾಡಿದ್ದು. ದೊಡ್ಡ ಹಾಳೆಯ ಎರಡೂ ಬದಿಗೆ ಅಚ್ಚು ಹಾಕಿ ಮಡಚಿದರೆ ಹದಿನಾರು ಪುಟದ ಒಂದು ಫಾರಂ ಬರುತ್ತದೆ. ಎರಡು ಫಾರಂ ಸೇರಿದರೆ 32. ನಿಮ್ಮ ಕತೆ ಎಷ್ಟೇ ಚೆನ್ನಾಗಿದ್ದರೂ 35 ಪುಟ ಕೇಳಿದರೆ ಯಂತ್ರ ಕೊಡುವುದಿಲ್ಲ.

ಈಗ ಪುಟಕ್ಕೆ ಅಂಕಿ ಹಾಕಿ. ಒಂದನೇ ಪುಟ ಹೆಸರಿಗೆ, ಎರಡನೆಯದು ಹಕ್ಕುಸ್ವಾಮ್ಯ, ಪ್ರಕಾಶಕರ ವಿವರಕ್ಕೆ, ಮೂರನೆಯದು ಅರ್ಪಣೆಗೆ ಅಂತ ಬಿಡಿ. ನಾಲ್ಕು–ಐದರಿಂದ ಮೂವತ್ತು–ಮೂವತ್ತೊಂದರವರೆಗೆ ಹದಿನಾಲ್ಕು ಜೋಡಿಪುಟ, ಕೊನೆಗೆ ಒಂಟಿ ಪುಟ ಒಂದು. ನಿಮ್ಮ ಇಡೀ ಪ್ರಪಂಚ ಇಷ್ಟೇ. ಮಾತು ಐನೂರು ಪದ ದಾಟಬಾರದು. ಸಾವಿರ ಪದದ ಕತೆ ತಂದು 'ಇದರಲ್ಲಿ ಒಂದು ಪದವೂ ಕಡಿಮೆ ಮಾಡೋಕಾಗಲ್ಲ' ಅನ್ನುವವರನ್ನು ನಾನು ವಾರಕ್ಕೊಬ್ಬರಂತೆ ನೋಡುತ್ತೇನೆ. ಹಾಳೆ ಮಡಚಿ ನೋಡಿದವರು ಆ ಮಾತು ಆಡುವುದಿಲ್ಲ.

ನಾನೂ ಆ ಮಾತು ಆಡಿದವನೇ, ಅದನ್ನು ಹೇಳಿಬಿಡುತ್ತೇನೆ. ನನ್ನ ಮೊದಲ ಕತೆ ಒಬ್ಬ ಹುಡುಗ ಮತ್ತು ಅವನ ತಾತನ ಕೊಡೆಯದ್ದು. ಸಾವಿರದ ಇನ್ನೂರು ಪದ. ನೀಟಾಗಿ ಟೈಪು ಮಾಡಿಸಿ, ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ, ಮದುವೆ ಪತ್ರಿಕೆ ಕೊಡುವವನ ಹಾಗೆ ಹೋಗಿ ಸಂಪಾದಕಿಯ ಮುಂದೆ ನಿಂತೆ. ವಯಸ್ಸಾದ ಹೆಂಗಸು, ಕನ್ನಡಕ ಹಣೆಯ ಮೇಲೆ. ಮೊದಲ ಪುಟವನ್ನೂ ತೆರೆಯಲಿಲ್ಲ. ಮೇಜಿನ ಕೆಳಗಿಂದ ಒಂದು ಕಡೆ ಅಚ್ಚಾದ ರದ್ದಿ ಹಾಳೆ ಎಂಟು ಎಳೆದು, ಮಡಚಿ, ಪಿನ್ನು ಹೊಡೆದು ನನ್ನ ಕಡೆ ತಳ್ಳಿದರು. ಜೊತೆಗೆ ಕತ್ತರಿ, ಗೋಂದಿನ ಡಬ್ಬಿ.

'ನಿಮ್ಮ ಕತೆ ಕತ್ತರಿಸಿ ಇದಕ್ಕೆ ಅಂಟಿಸಿ. ನಾನು ಊಟ ಮಾಡಿ ಬರ್ತೀನಿ' ಅಂದರು.

ಮೈ ಉರಿದುಹೋಯಿತು. ನಾನೇನು ಶಾಲೆಯ ಕರಕುಶಲ ಪೀರಿಯಡ್ಡಿಗೆ ಬಂದಿದ್ದೇನೆಯೇ? ಆದರೂ ಕೂತೆ, ಕತ್ತರಿಸಿದೆ, ಅಂಟಿಸಿದೆ. ಮೊದಲ ಪ್ಯಾರಾ ಒಂದೇ ಇಡೀ ಜೋಡಿಪುಟ ನುಂಗಿತು, ಚಿತ್ರಕ್ಕೆ ಬೆರಳಗಲ ಜಾಗವೂ ಉಳಿಯಲಿಲ್ಲ. ಆರರಿಂದ ಹದಿಮೂರನೇ ಪುಟದ ತನಕ ಹುಡುಗ ಕಿಟಕಿಯ ಪಕ್ಕ ಕೂತು ತಾತನನ್ನು ನೆನೆಯುತ್ತಾನೆ. ಅವರು ಕೈ ಒರೆಸಿಕೊಳ್ಳುತ್ತಾ ಬಂದು, ಆ ಪುಟಗಳನ್ನು ಒಂದೊಂದಾಗಿ ತಿರುವಿ ಕೇಳಿದರು, 'ಚಿತ್ರ ಬರೆಯೋರು ಇಲ್ಲಿ ಏನು ಬರೀಬೇಕು ಹೇಳಿ? ಕಿಟಕಿ. ಆಮೇಲೆ? ಕಿಟಕಿ. ಆಮೇಲೆ?' ನಾನು ಸುಮ್ಮನಿದ್ದೆ. 'ನಾಲ್ಕು ಸಲ ಕಿಟಕಿ ನೋಡೋಕೆ ಮಗು ಪುಸ್ತಕ ಯಾಕೆ ತೆಗೀಬೇಕು, ಮನೇಲೇ ಇದೆಯಲ್ಲ' ಅಂದರು.

ಇನ್ನೂ ದೊಡ್ಡ ಪೆಟ್ಟು ಮುಂದಿತ್ತು. ಮಡಿಸಿಟ್ಟ ಕೊಡೆಯೊಳಗೆ ಏನೋ ಮಿಸುಕಾಡುತ್ತದೆ, ಒಳಗೆ ಬೆಕ್ಕಿನ ಮರಿ. ಅದೇ ನನ್ನ ಕತೆಯ ಜೀವ. ಆದರೆ ಮಿಸುಕಾಡಿದ್ದು ಎಡಪುಟದಲ್ಲಿ, ಮರಿ ಬಲಪುಟದಲ್ಲಿ. ಪುಸ್ತಕ ತೆರೆದ ಮಗುವಿನ ಕಣ್ಣಿಗೆ ಎರಡೂ ಒಟ್ಟಿಗೆ ಬೀಳುತ್ತವೆ. ಗುಟ್ಟು ಗುಟ್ಟಾಗಿ ಉಳಿಯುವುದೇ ಇಲ್ಲ! ಅವರು ಏನೂ ಹೇಳದೆ ಎರಡು ಚೂರನ್ನೂ ಉಗುರಿನಿಂದ ಎಬ್ಬಿಸಿ, ಮಿಸುಕಾಡಿದ್ದನ್ನು ಬಲಪುಟಕ್ಕೆ, ಮರಿಯನ್ನು ತಿರುವಿದ ಮೇಲೆ ಬರುವ ಪುಟಕ್ಕೆ ಅಂಟಿಸಿದರು.

ಅಷ್ಟೊತ್ತಿಗೆ ಬೈಂಡಿಂಗ್ ಕೆಲಸದ ಹೆಂಗಸೊಬ್ಬರ ಮಗಳು, ಐದು ವರ್ಷ ಇರಬಹುದು, ಬಾಗಿಲ ಹತ್ತಿರ ಆಡುತ್ತಿತ್ತು. ಅವಳನ್ನು ಕರೆದು ಕೂರಿಸಿ ನನಗೆ ಓದಲು ಹೇಳಿದರು. ಕಿಟಕಿಯ ಪುಟಗಳಲ್ಲಿ ಮಗು ನನ್ನ ಚಪ್ಪಲಿ ನೋಡುತ್ತಿತ್ತು. 'ಕೊಡೆಯೊಳಗೆ ಏನೋ ಮಿಸುಕಾಡಿತು' ಅಂತ ಬಲಪುಟದ ಕೊನೆಗೆ ಬಂದೆ ನೋಡಿ, ನಾನು ಕೈ ಎತ್ತುವ ಮೊದಲೇ ಪುಟ ಹಿಡಿದು ತಿರುವಲು ಹೋಯಿತು. ಗೋಂದು ಇನ್ನೂ ಹಸಿ, ಪುಟ ಅಂಟಿಕೊಂಡಿದೆ. ಬಿಡಲಿಲ್ಲ ಮಗು. ಪರ್ರನೆ ಹರಿದು ಒಳಗೆ ನೋಡಿತು.

'ಸಿಕ್ತಲ್ಲ ನಿಮ್ಮ ಕತೆ' ಅಂದರು ಸಂಪಾದಕಿ. ಆ ಹರಿದ ಡಮ್ಮಿ ಈಗಲೂ ನನ್ನ ಬೀರುವಿನಲ್ಲಿದೆ. ಸಾವಿರದ ಇನ್ನೂರು ಪದ ನಾನೂರಕ್ಕೆ ಇಳಿಯಲು ಇನ್ನೂ ಏಳು ಡಮ್ಮಿ ಬೇಕಾಯಿತು. ಪುಸ್ತಕ ಅಚ್ಚಾಗಲು ಎರಡು ವರ್ಷ.

ಎದುರಿನ ಗಡಿಯಾರ ಹೇಳುತ್ತಿದೆ, ಕೊಡೆಯ ಕತೆಯೇ ಬಹಳ ಹೊತ್ತು ತಿಂದಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

'ನನಗೆ ಚಿತ್ರ ಬರೆಯೋಕೆ ಬರಲ್ವಲ್ಲ' ಅನ್ನುವವರೇ, ನಿಮ್ಮನ್ನು ಯಾರೂ ಬರೆಯಿರಿ ಅಂದಿಲ್ಲ. ಕಲಾವಿದರನ್ನು ಪ್ರಕಾಶಕರೇ ಹುಡುಕುತ್ತಾರೆ. ಅಕ್ಕನ ಮಗನಿಂದ ಚಿತ್ರ ಬರೆಸಿ ಕತೆಯ ಜೊತೆ ಕಳಿಸಬೇಡಿ. ಚಿತ್ರ ಹಿಡಿಸದಿದ್ದರೆ ಕತೆಯೂ ವಾಪಸು ಬರುತ್ತದೆ. ಹುಡುಗನ ಅಂಗಿ ಕೆಂಪು, ಚಡ್ಡಿ ನೀಲಿ ಅಂತ ಸೂಚನೆಯೂ ಬೇಡ. ಮಾತು ಒಂದು ಹೇಳಿ ಚಿತ್ರ ಬೇರೆ ಹೇಳಬೇಕಾದ ಕಡೆ ಮಾತ್ರ ಬರೆಯಿರಿ. 'ಮನೆಯಲ್ಲಿ ಯಾರೂ ಇರಲಿಲ್ಲ' ಅನ್ನುತ್ತದೆ ಮಾತು, ಮಂಚದ ಕೆಳಗೆ ಎರಡು ಕಣ್ಣು ಹೊಳೆಯುತ್ತಿರುತ್ತವೆ. ಅಂಥ ಕಡೆ.

ಕೊನೆಯ ಒಂಟಿ ಪುಟ ನೀತಿ ಬರೆಯುವುದಕ್ಕಲ್ಲ. ದಯವಿಟ್ಟು. ಅಲ್ಲಿ ಒಂದು ಸಣ್ಣ ಕೀಟಲೆ ಇಡಿ.

ದುಡ್ಡಿನ ಮಾತು. ಅಚ್ಚು ಹಾಕಿಸಲು ನಿಮ್ಮಿಂದಲೇ ಹಣ ಕೇಳುವವರು ಪ್ರಕಾಶಕರಲ್ಲ, ನೀವೇ ಅವರ ಗಿರಾಕಿ. ನಿಜವಾದ ಪ್ರಕಾಶಕರು ನಿಮಗೆ ಕೊಡುತ್ತಾರೆ. ಚಿತ್ರಪುಸ್ತಕದ ರಾಯಲ್ಟಿ, ಅಂದರೆ ಮಾರಾಟದಲ್ಲಿ ಸಿಗುವ ಪಾಲು, ಲೇಖಕರಿಗೂ ಕಲಾವಿದರಿಗೂ ಹಂಚಿಹೋಗುತ್ತದೆ. ಮುಂಗಡ ಕೊಟ್ಟರೆ ಅದು ಮುಂದಿನ ರಾಯಲ್ಟಿಯಲ್ಲಿ ವಜಾ ಆಗುತ್ತದೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಎರಡು ವಿಷಯ ನೋಡಿ: ಹಕ್ಕು ಎಷ್ಟು ವರ್ಷಕ್ಕೆ, ಯಾವ ಯಾವ ಭಾಷೆಗೆ. ಇನ್ನು 'ಕತೆ ಕದ್ದುಬಿಟ್ಟರೆ' ಅಂತ ನಿದ್ದೆಗೆಡಬೇಡಿ. ಲೇಖಕರ ಹಕ್ಕು ಕಾಯಲು ದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ಕಡೆಗಳಲ್ಲಿ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಬೇಕಿಲ್ಲ. ಆದರೆ ಬರೀ ಐಡಿಯಾಕ್ಕೆ ಹಕ್ಕಿಲ್ಲ. ಅದಕ್ಕೇ ಹೇಳುವುದು, ಬರೆಯಿರಿ, ಹಾಳೆ ಮಡಚಿ ಅಂಟಿಸಿ.

ಯಾರೂ ಒಪ್ಪದಿದ್ದರೆ? ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ 1893ರಲ್ಲಿ ಕಾಯಿಲೆ ಬಿದ್ದ ಹುಡುಗನೊಬ್ಬನಿಗೆ ಚಿತ್ರ ಬರೆದು ಮೊಲದ ಕತೆಯನ್ನು ಕಾಗದದಲ್ಲಿ ಕಳಿಸಿದರು. ಮುಂದೆ ಅದನ್ನು ಪುಸ್ತಕ ಮಾಡಲು ಹೊರಟಾಗ ಹಲವು ಪ್ರಕಾಶಕರು ಬೇಡ ಅಂದರು. 1901ರ ಡಿಸೆಂಬರಿನಲ್ಲಿ ತಮ್ಮ ಖರ್ಚಿನಲ್ಲೇ 250 ಪ್ರತಿ ಅಚ್ಚು ಹಾಕಿಸಿದರು. ಮರುವರ್ಷ ಪ್ರಕಾಶಕರೇ ಅದನ್ನು ಹೊರತಂದರು. ಕೈಯಿಂದ ಹಣ ಹಾಕುವುದಾದರೆ ಹೀಗೆ ಹಾಕಿ, ಎಷ್ಟು ಪ್ರತಿ ಅಂತ ನೀವೇ ಲೆಕ್ಕ ಇಟ್ಟುಕೊಂಡು.

ಕಳಿಸುವಾಗ ಆ ಪ್ರಕಾಶಕರ ಹಿಂದಿನ ಹತ್ತು ಪುಸ್ತಕ ಓದಿ ಕಳಿಸಿ. ಡಮ್ಮಿ ಮನೆಯಲ್ಲೇ ಇರಲಿ, ಕಳಿಸುವುದು ಟೈಪು ಮಾಡಿದ ಪ್ರತಿ. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ವಾರಕ್ಕೊಮ್ಮೆ ಫೋನು ಮಾಡಿ 'ಓದಿದ್ರಾ' ಅಂತ ಕೇಳಬೇಡಿ, ನನಗಂತೂ ಮಾಡಲೇಬೇಡಿ. ಆ ಹೊತ್ತಿಗೆ ಇನ್ನೊಂದು ಕತೆ ಇದ್ದೇ ಇರುತ್ತದೆ ನಿಮ್ಮ ಹತ್ತಿರ. ಎಂಟು ಹಾಳೆ ತಗೊಳ್ಳಿ. ಗೋಂದು ಒಣಗಿದ ಮೇಲೆ ಮಗುವಿನ ಕೈಗೆ ಕೊಡಿ.

ನಮಸ್ಕಾರ.