ಒಬ್ಬರೇ ನೋಡಿದರೆ ಅರ್ಧ ಸಿನಿಮಾ

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಯ್ಲಿನ ಕಾಲ. ಮನೆಮನೆಯಲ್ಲೂ ಸುಲಿಯೋ ಕೆಲಸ ಇದೆ. ಅದನ್ನೆಲ್ಲ ಬಿಟ್ಟು, ಈ ಚಳಿಯಲ್ಲಿ, ಸಿನಿಮಾ ನೋಡೋಣ ಅಂತ ತೀರ್ಥಹಳ್ಳಿಗೆ ಇಷ್ಟು ಜನ ಬಂದಿದ್ದೀರಿ. ತುಂಬಾ ಸಂತೋಷ.

ಸಿನಿಮಾ, ಪುಸ್ತಕ, ಗೆಳೆತನ, ಹಿರಿಯರ ವಿವೇಕ. ಇಷ್ಟರ ಬಗ್ಗೆ ಮಾತಾಡಿ ಅಂದಿದ್ದಾರೆ ಸಂಘಟಕರು. ನಾನು ಹೇಳಬೇಕು ಅಂದುಕೊಂಡಿರೋದು ಒಂದೇ ಮಾತು. ಕಥೆ ಒಬ್ಬರಿಗೇ ಪೂರ್ತಿ ದಕ್ಕುವುದಿಲ್ಲ. ಪುಸ್ತಕ ಓದಿ ಮುಚ್ಚಿಟ್ಟರೆ, ಸಿನಿಮಾ ನೋಡಿ ಎದ್ದು ಹೋದರೆ ಅರ್ಧ ಮಾತ್ರ ಆಯಿತು. ಉಳಿದರ್ಧ ಪಕ್ಕದಲ್ಲಿ ಕೂತವರ ಹತ್ತಿರ ಇರುತ್ತದೆ.

ಶಿವಮೊಗ್ಗದ ಪಕ್ಕದ ಹೊಸಹಳ್ಳಿಯ ಗಮಕ ನಿಮಗೆಲ್ಲ ಗೊತ್ತೇ ಇದೆ. ಒಬ್ಬರು ಪದ್ಯ ಹಾಡುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಕುಮಾರವ್ಯಾಸನ ಭಾರತದ ಪುಸ್ತಕ ಎಲ್ಲರಿಗೂ ಸಿಗುತ್ತದೆ. ಮತ್ತೆ ಇಬ್ಬರು ಯಾಕೆ ಬೇಕು? ಯಾಕೆಂದರೆ ಹಾಡುವವರು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಇನ್ನೊಬ್ಬರು ನಮ್ಮನ್ನು ಅಲ್ಲೇ ತಡೆದು ನಿಲ್ಲಿಸುತ್ತಾರೆ.

ಉದ್ಯೋಗಪರ್ವದ ಕರ್ಣನ ಪ್ರಸಂಗ ನೋಡಿ. ಕೃಷ್ಣ ಅವನನ್ನು ರಥದಲ್ಲಿ ಪಕ್ಕಕ್ಕೆ ಎಳೆದು ಕೂರಿಸಿಕೊಂಡು, ಮೈದುನನ ಜೊತೆ ಆಡುವ ಹಾಗೆ ಸರಸ ಮಾಡುತ್ತಾ ಗುಟ್ಟು ಬಿಚ್ಚುತ್ತಾನೆ. ನೀನು ಕುಂತಿಯ ಮಗ, ಪಾಂಡವರಿಗೆಲ್ಲ ಹಿರಿಯ, ರಾಜ್ಯ ನಿನ್ನದು. ಈ ಮಾತಿಗೆ ಕರ್ಣನ ಕೊರಳಿನ ಸೆರೆ ಉಬ್ಬುತ್ತದೆ, ಕಣ್ಣೀರು ಉಕ್ಕುತ್ತದೆ. ಆಗ ಅವನ ಮನಸ್ಸಿಗೆ ಬರುವುದೇನು? 'ಅಕಟಾ, ಕುರುಪತಿಗೆ ಕೇಡಾದುದು.' ಅಮ್ಮ ಸಿಕ್ಕಳು ಅಂತಲ್ಲ. ಇಷ್ಟು ವರ್ಷ ಸೂತಪುತ್ರ ಅಂತ ಅನ್ನಿಸಿಕೊಂಡೆನಲ್ಲ ಅಂತಲೂ ಅಲ್ಲ. ನನ್ನ ಗೆಳೆಯ ದುರ್ಯೋಧನನಿಗೆ ಕೇಡಾಯಿತಲ್ಲ ಅಂತ, ಅಷ್ಟೇ.

ಶಾಲೆಯಲ್ಲಿ ಈ ಪದ್ಯ ನಾನು ಬಾಯಿಪಾಠ ಮಾಡಿದ್ದೆ. ಅದು ಎದೆಗೆ ತಾಗಿದ್ದು ಮಾತ್ರ ಗಮಕ ಕೇಳುವಾಗ. ವ್ಯಾಖ್ಯಾನ ಮಾಡುತ್ತಿದ್ದವರು ಆ ಸಾಲಿಗೆ ಬಂದು ಸುಮ್ಮನಾಗಿಬಿಟ್ಟರು. ಆಮೇಲೆ ಸಭೆಯನ್ನು ಕೇಳಿದರು, "ನಿಮಗೆ ರಾಜ್ಯ ಸಿಕ್ಕಿತು ಅಂದ ತಕ್ಷಣ ಯಾರ ನೆನಪಾಗುತ್ತದೆ?" ನನ್ನ ಪಕ್ಕದಲ್ಲಿದ್ದ ಅಜ್ಜಿಯೊಬ್ಬರು "ನನ್ನ ತಂಗಿದು" ಅಂದುಬಿಟ್ಟರು. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಕರ್ಣ ನನಗೆ ಅರ್ಥವಾದದ್ದು ಆ ಅಜ್ಜಿಯಿಂದ.

ಕ್ರಿ.ಶ. 941ರ ಪಂಪನ ಭಾರತದಲ್ಲೂ ಈ ಗೆಳೆತನ ಇದೆ. ದುರ್ಯೋಧನನ ಹೆಂಡತಿ ಭಾನುಮತಿಯ ಜೊತೆ ಕರ್ಣ ನೆತ್ತ, ಅಂದರೆ ಪಗಡೆ, ಆಡುವಾಗ ಮುತ್ತಿನ ಹಾರ ಹರಿದು ಚೆಲ್ಲುತ್ತದೆ. ಅಲ್ಲಿಗೆ ಬಂದ ದುರ್ಯೋಧನನ ಮನಸ್ಸಿನಲ್ಲಿ ಒಂದು ಸಣ್ಣ ಅನುಮಾನವೂ ಇಲ್ಲ. ಮುತ್ತು ಆಯ್ದು ಕೊಡಲಾ ಅಂತ ಕೇಳುತ್ತಾನೆ. ಎಂಥಾ ಗೆಳೆತನ, ಅಲ್ವಾ!

ಇನ್ನು ಸಿನಿಮಾ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ರಂಗಕರ್ಮಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಚಿತ್ರಸಮಾಜ ಶುರುಮಾಡಿದರು. ತೋಟದ ಕೆಲಸ ಮುಗಿಸಿ ಬಂದ ಜನ ಸತ್ಯಜಿತ್ ರೇ ಸಿನಿಮಾ ನೋಡಿದರು, ಜಪಾನಿನ ಕುರೊಸಾವಾ ಸಿನಿಮಾ ನೋಡಿದರು. ಹಳ್ಳಿಯವರಿಗೆ ಇದೆಲ್ಲ ಅರ್ಥವಾಗುತ್ತಾ ಅಂತ ಕೇಳಿದವರಿದ್ದರು. ನೋಡಿದ ಮೇಲೆ ಒಟ್ಟಿಗೆ ಕೂತು ಮಾತಾಡಿದರೆ ಯಾಕೆ ಅರ್ಥವಾಗುವುದಿಲ್ಲ?

ನಮ್ಮ ತಾಲ್ಲೂಕಿನವರೇ ಆದ ಗಿರೀಶ ಕಾಸರವಳ್ಳಿಯವರ 'ದ್ವೀಪ' ಬಂದಿದ್ದು 2002ರಲ್ಲಿ. ಸಾಗರದ ನಾ. ಡಿಸೋಜರ ಕಾದಂಬರಿ ಆಧರಿಸಿದ ಸಿನಿಮಾ. ಅಣೆಕಟ್ಟಿನ ನೀರು ಏರುತ್ತದೆ, ಊರೆಲ್ಲ ಖಾಲಿಯಾಗುತ್ತದೆ, ಒಂದೇ ಒಂದು ಮನೆ ಉಳಿಯುತ್ತದೆ. ಅದನ್ನು ನನ್ನ ಗೆಳೆಯನ ಮನೆಯಲ್ಲಿ ನೋಡಿದೆವು. ಅವನ ಅಮ್ಮನೂ ಇದ್ದರು. ಅವರು ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಮುಳುಗಿದ ಊರಿನವರು. 1964ರಲ್ಲಿ ಕಟ್ಟೆ ಆಯಿತಲ್ಲ, ಆಗ ಅವರಿನ್ನೂ ಹುಡುಗಿ. ನನಗೆ ಅವನದು ಬಾಲ್ಯದ ಸ್ನೇಹ. ಆ ಮನೆಯಲ್ಲಿ ಎಷ್ಟು ಊಟ ಮಾಡಿದ್ದೇನೋ. ಮುಳುಗಿದ ಊರಿನ ಬಗ್ಗೆ ಅಮ್ಮ ಒಂದು ದಿನವೂ ಮಾತಾಡಿದ್ದಿಲ್ಲ, ನಾವೂ ಕೇಳಿದ್ದಿಲ್ಲ.

ಸಿನಿಮಾದಲ್ಲಿ ನೀರು ಅಂಗಳಕ್ಕೆ ಬಂತು. ಸೌಂದರ್ಯ ಮಾಡಿದ ನಾಗಿಯ ಮುಖ ನೋಡುತ್ತಾ ಅಮ್ಮ ಅಂದರು, "ಒನಕೆ ತಗೊಂಡು ಬಂದ್ವಿ, ಒರಳು ಅಲ್ಲೇ ಉಳೀತು." ನೆಲದಲ್ಲಿ ಹುಗಿದ ಒರಳು ಅದು, ಕೀಳೋಕೆ ಆಗಲಿಲ್ಲ. ಅವರ ಅಮ್ಮ ಹೊರಡುವ ದಿನ ಅದನ್ನು ತೊಳೆದು, ಅರಿಶಿನ ಕುಂಕುಮ ಇಟ್ಟು ಬಂದರಂತೆ. ಗೆಳೆಯ ಎದ್ದು ಅಡುಗೆಮನೆ ಮೂಲೆಗೆ ಹೋದ. ಅಲ್ಲಿ ಆ ಒನಕೆ ಇತ್ತು. ತುದಿಯ ಕಬ್ಬಿಣದ ಬಳೆ ತುಕ್ಕು ಹಿಡಿದು ಕೆಂಪಾಗಿತ್ತು. ಅದಕ್ಕೊಂದು ಒರಳು ಇತ್ತು ಅಂತ ಮಗನಿಗೇ ಗೊತ್ತಿರಲಿಲ್ಲ. ಸಿನಿಮಾ ನಿಲ್ಲಿಸಿದೆವು. ಅಮ್ಮ ರಾತ್ರಿ ಬಹಳ ಹೊತ್ತು ಮಾತಾಡಿದರು. ಯಾರ ತೋಟ ಎಲ್ಲಿತ್ತು, ಲಾರಿಯಲ್ಲಿ ಹಸುಗಳನ್ನು ಹೇಗೆ ಹತ್ತಿಸಿದರು, ಎಲ್ಲ. ಅವರೊಬ್ಬರೇ ಮೊಬೈಲಿನಲ್ಲಿ ಇದೇ ಸಿನಿಮಾ ನೋಡಿದ್ದರೆ ಆ ಒರಳಿನ ಸುದ್ದಿ ಅವರ ಜೊತೆಗೇ ಹೋಗುತ್ತಿತ್ತು. ಅದಕ್ಕೇ ಹೇಳುತ್ತೇನೆ, ಜೊತೆಗೆ ಕೂತು ನೋಡಿ. ನಿಮ್ಮ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ.

ಹಿಂದೆ ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಈ ಕೆಲಸ ತಾನಾಗೇ ಆಗುತ್ತಿತ್ತು. ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂತವರಲ್ಲಿ ಒಬ್ಬರು ಕಥೆ ತೆಗೆದರೆ, ಇನ್ನೊಬ್ಬರು ತಿದ್ದುತ್ತಿದ್ದರು. ಈಗ ಸುಲಿಯೋಕೆ ಮಷಿನ್ ಬಂದಿದೆ. ಬರಲಿ, ಬೆನ್ನುನೋವು ತಪ್ಪಿತು. ಉಳಿದ ಹೊತ್ತಿನಲ್ಲಿ ಕೂತು ಮಾತಾಡಬೇಕು ತಾನೇ?

ಹೊತ್ತಾಯಿತು ಅಂತ ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ವಚನಕಾರರಾದ ಅಲ್ಲಮ, ಅಕ್ಕಮಹಾದೇವಿ ಇಬ್ಬರ ಬಗ್ಗೆಯೂ ಹೇಳಬೇಕು ಅಂತಿದ್ದೆ. ಇಬ್ಬರೂ ಶಿಕಾರಿಪುರ ತಾಲ್ಲೂಕಿನವರು, ಬಳ್ಳಿಗಾವಿ ಮತ್ತು ಉಡುತಡಿ. ಶರಣರ ಮಾತುಕತೆಯ ಗ್ರಂಥ ಶೂನ್ಯಸಂಪಾದನೆಯಲ್ಲಿ ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮ ಪ್ರಶ್ನೆ ಮೇಲೆ ಪ್ರಶ್ನೆ ಕೇಳುತ್ತಾನೆ. ಅವಳು ಬಿಡದೆ ಉತ್ತರ ಕೊಡುತ್ತಾಳೆ. ಅಷ್ಟು ದೊಡ್ಡ ವಿವೇಕವೂ ಎದುರುಬದುರು ಕೂತ ಮಾತಿನಲ್ಲೇ ಹೊಳೆದದ್ದು. ಉಳಿದದ್ದು ಇನ್ನೊಮ್ಮೆ. ಮುಂದಿನ ತಿಂಗಳು ಯಾವ ಪುಸ್ತಕ ಅಂತ ನೀವೇ ಸೂಚಿಸಿ, ಬಾಗಿಲ ಹತ್ತಿರ ಹಾಳೆ ಇಟ್ಟಿದ್ದಾರೆ.

ಈಗ ಸಿನಿಮಾ. ಮುಗಿದ ಮೇಲೆ ದಯವಿಟ್ಟು ಯಾರೂ ಎದ್ದು ಹೋಗಬೇಡಿ. ಬಸ್ಸಿಲ್ಲದವರು ಈಗಲೇ ಕೈ ಎತ್ತಿ. ಗಾಡಿ ತಂದವರು ಅವರನ್ನು ನೋಡಿಕೊಳ್ಳಿ, ಬಿಟ್ಟು ಬರುವ ಜವಾಬ್ದಾರಿ ನಿಮ್ಮದು.